ದೊಡ್ಡಪ್ಪನ ಗಿಟಾರಿಗೆ ಹೊಸ ಪೇಂಟ್ ಹೊಡಿಸ್ಬೇಕಾ?

ಪ್ರಶ್ನೆ: ನಮಸ್ಕಾರ ಸರ್, ನಮ್ದು ಮೂಡಿಗೆರೆ ಹತ್ರ ತೋಟ. ಅಟ್ಟ ಕ್ಲೀನ್ ಮಾಡುವಾಗ ನಮ್ಮ ದೊಡ್ಡಪ್ಪ ಕಾಲೇಜಲ್ಲಿದ್ದಾಗ ನುಡಿಸ್ತಿದ್ದ ಎಲೆಕ್ಟ್ರಿಕ್ ಗಿಟಾರ್ ಸಿಕ್ತು. ಹೆಸರಿನ ಬ್ಯಾಡ್ಜ್ ಬಿದ್ದೋಗಿದೆ, ಹಿಂದೆ ನೆಕ್ ಸೇರೋ ಜಾಗದ ತಗಡಲ್ಲಿ ಮೇಡ್ ಇನ್ ಜಪಾನ್ ಅಂತಿದೆ. ಸ್ಟ್ರಿಂಗ್ ಎಲ್ಲಾ ತುಕ್ಕು, ಮೈಯೆಲ್ಲಾ ಬೂಷ್ಟು, ನಾಬ್ ತಿರುಗಿಸಿದ್ರೆ ಕರಕರ ಅನ್ನುತ್ತೆ, ಸ್ಟ್ರಿಂಗಿನ ನಾದ ಹಿಡಿಯೋ ಎರಡು ಪಿಕಪ್‌ನಲ್ಲಿ ಒಂದು ಸತ್ತೇ ಹೋಗಿದೆ. ಹಾಸನದಲ್ಲಿ ಕಾರ್ ಪೇಂಟ್ ಮಾಡೋ ಫ್ರೆಂಡ್ ಒಬ್ಬ, ತಂದ್ಕೊಡು ಉಜ್ಜಿ ಹೊಸದು ಮಾಡ್ಕೊಡ್ತೀನಿ ಅಂತಾನೆ. ಕೊಡ್ಲಾ? ದೊಡ್ಡಪ್ಪನಿಗೆ ಇನ್ನೂ ಹೇಳಿಲ್ಲ, ಸರ್ಪ್ರೈಸ್.

ಉತ್ತರ: ಕೊಡ್ಬೇಡಿ ಮಾರಾಯ್ರೆ. ಫ್ರೆಂಡ್ ಕೆಲಸದ ಮೇಲೆ ಅನುಮಾನ ಅಂತಲ್ಲ, ಕಾರ್ ಬಾನೆಟ್ ಬೇರೆ ಗಿಟಾರ್ ಬಾಡಿ ಬೇರೆ. ಆ ಕಾಲದ ಗಿಟಾರಲ್ಲಿ ಕೆಲವಕ್ಕೆ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಇರುತ್ತೆ ಕೆಲವಕ್ಕೆ ದಪ್ಪ ಪಾಲಿಯೆಸ್ಟರ್, ಯಾವುದು ಅಂತ ನೋಡ್ದೆ ಥಿನ್ನರ್ ಹಾಕಿದ್ರೆ, ಲ್ಯಾಕರ್ ಆಗಿದ್ರೆ ಅಲ್ಲೇ ಕರಗಿ ಸುಕ್ಕಾಗಿಬಿಡುತ್ತೆ, ಸ್ಯಾಂಡ್ ಪೇಪರ್ ಹಾಕಿದ್ರಂತೂ ಹಳೇ ಬಣ್ಣ ಹೋದದ್ದು ಹೋಯ್ತು. ಅದ್ರಲ್ಲೂ ಮೂಡಿಗೆರೆ ಮಳೆಗಾಲದಲ್ಲಿ ಲ್ಯಾಕರ್ ಸ್ಪ್ರೇ ಮಾಡಿದ್ರೆ ಗಾಳಿಲಿರೋ ತೇವ ಪದರದೊಳಗೆ ಸಿಕ್ಕಾಕೊಂಡು ಬೆಳ್ಳಗೆ ಮಂಕಾಗುತ್ತೆ. ಹಳೇ ಫೆಂಡರ್, ಗಿಬ್ಸನ್ ಆದ್ರೆ ರೀಪೇಂಟ್ ಆಗಿದೆ ಅಂದ ಕೂಡ್ಲೆ ಮಾರ್ಕೆಟ್ಟಲ್ಲಿ ಬೆಲೆ ಸರ್ರನೆ ಇಳಿಯುತ್ತೆ. ನಿಮ್ದಕ್ಕೆ ಆ ಮಟ್ಟದ ಬೆಲೆ ಇರಲ್ಲ ಅನ್ಸುತ್ತೆ, ಅದು ಬಿಡಿ, ಆದ್ರೆ ದೊಡ್ಡಪ್ಪನ ಮೊಣಕೈ ಉಜ್ಜಿ ಉಜ್ಜಿ ಸವೆದಿರೋ ಜಾಗಕ್ಕೆ ಬಣ್ಣ ಬಳಿದು ಅವ್ರ ಕೈಗೇ ಕೊಟ್ರೆ ಅದೆಂಥ ಸರ್ಪ್ರೈಸ್? ನನ್ನ ಕೇಳಿದ್ರೆ ಮೊದಲು ನುಡಿಯೋ ಹಾಗೆ ಮಾಡಿ, ನೋಟದ ಯೋಚನೆ ಆಮೇಲೆ.

ಬ್ಯಾಡ್ಜ್ ಇಲ್ಲ ಅಂತ ತಲೆ ಕೆಡಿಸ್ಕೋಬೇಡಿ. 1960ರ ದಶಕದಲ್ಲಿ ಜಪಾನ್ ಫ್ಯಾಕ್ಟರಿಗಳು ಒಂದೇ ಗಿಟಾರನ್ನ ಹತ್ತಾರು ಅಂಗಡಿ ಹೆಸರಲ್ಲಿ ಮಾಡಿ ಕಳಿಸ್ತಿದ್ವು. ಟೀಸ್ಕೋ, ಗುಯಾಟೋನ್ ಆಗಿನ ದೊಡ್ಡ ಹೆಸರು, ಟೀಸ್ಕೋನ 1967ರಲ್ಲಿ ಕವಾಯ್ ಕಂಪನಿ ತಗೊಂಡ್ತು. ಹಾಗಾಗಿ ಬ್ಯಾಡ್ಜ್‌ಗಿಂತ ಪಿಕಪ್, ಟ್ಯೂನಿಂಗ್ ಕೀ, ಟೇಲ್‌ಪೀಸ್ (ಸ್ಟ್ರಿಂಗಿನ ಬುಡ ಸಿಕ್ಕಿಸೋ ಭಾಗ) ಇವುಗಳ ಆಕಾರ ನೋಡಿದ್ರೇನೆ ಯಾವ ಫ್ಯಾಕ್ಟರಿದು ಅಂತ ಗೊತ್ತಾಗೋದು ಜಾಸ್ತಿ.

ಕೆಲಸಕ್ಕೆ ಕೂರೋ ಮುಂಚೆ ನಾಲ್ಕೂ ಕಡೆಯಿಂದ ಫೋಟೋ ತೆಗೀರಿ, ವೈರಿಂಗ್‌ದಂತೂ ತಪ್ಪದೆ ತೆಗೀರಿ. ಆಮೇಲೆ ಬ್ರಿಡ್ಜ್, ಅಂದ್ರೆ ಬಾಡಿ ಮೇಲೆ ಸ್ಟ್ರಿಂಗ್ ಕೂರೋ ಪಟ್ಟಿ ನೋಡಿ. ಈ ಥರದ ಗಿಟಾರಲ್ಲಿ ಎಷ್ಟೋ ಸಲ ಬ್ರಿಡ್ಜಿಗೆ ಸ್ಕ್ರೂನೇ ಇರಲ್ಲ, ಸ್ಟ್ರಿಂಗ್ ಒತ್ತೋ ಬಲಕ್ಕೆ ಮಾತ್ರ ನಿಂತಿರುತ್ತೆ, ಸ್ಟ್ರಿಂಗ್ ಬಿಚ್ಚಿದ ಕೂಡ್ಲೆ ಕೈಗೆ ಬರುತ್ತೆ, ಆಮೇಲೆ ಎಲ್ಲಿತ್ತು ಅಂತ ಹುಡುಕ್ತಾ ಕೂರ್ಬೇಕು. ಅದಕ್ಕೆ ಸುತ್ತ ಮಾಸ್ಕಿಂಗ್ ಟೇಪ್ ಹಾಕಿ ಗುರುತು ಮಾಡ್ಕೊಳ್ಳಿ. ಸ್ಟ್ರಿಂಗನ್ನ ಬಿಗಿಯಾಗಿರುವಾಗ ಕಟಿಂಗ್ ಪ್ಲೇಯರಲ್ಲಿ ಕಟ್ ಮಾಡ್ಬೇಡಿ, ಕಣ್ಣಿಗೆ ಹೊಡೆಯುತ್ತೆ, ಕೀ ತಿರುಗಿಸಿ ಸಡಿಲ ಮಾಡಿ ತೆಗೀರಿ.

ಬೂಷ್ಟನ್ನ ಮುಖಕ್ಕೆ ಮಾಸ್ಕ್ ಹಾಕ್ಕೊಂಡು ಹೊರಗಡೆ ಒಣ ಬ್ರಷ್ಷಲ್ಲಿ ಒರೆಸಿ. ಜಿಡ್ಡಿಗೆ ಸಿಗರೇಟ್ ಲೈಟರಿಗೆ ತುಂಬೋ ಫ್ಲೂಯಿಡ್ ಬಟ್ಟೆಗೆ ಚೂರು ಹಾಕಿ ಒರೆಸ್ಬಹುದು, ಒಲೆ ಕಡೆ ಹೋಗ್ಬೇಡಿ ಅಷ್ಟೆ, ಮೊದಲು ಹಿಂದೆ ಕಾಣದ ಜಾಗದಲ್ಲಿ ಟ್ರೈ ಮಾಡಿ. ನೇಲ್ ಪಾಲಿಶ್ ತೆಗೆಯೋ ಅಸಿಟೋನ್ ಮಾತ್ರ ಬೇಡವೇ ಬೇಡ. ತೇವ ಹೋಗ್ಲಿ ಅಂತ ಕಾಫಿ ಒಣಗಿಸೋ ಕಣದಲ್ಲಿ ಬಿಸಿಲಿಗೆ ಇಡೋರನ್ನೂ ನೋಡಿದೀನಿ, ದಯವಿಟ್ಟು ಬೇಡ, ಅಂಟು ಬಿಟ್ಟು ನೆಕ್ ತಿರುಚುತ್ತೆ.

ಫ್ರೆಟ್‌ಗಳಿಗೆ, ಅಂದ್ರೆ ನೆಕ್ ಮೇಲಿರೋ ಅಡ್ಡ ಲೋಹದ ಪಟ್ಟಿಗಳಿಗೆ ಹಸಿರು ಕಿಲುಬು ಹಿಡ್ದಿರುತ್ತೆ. ಫ್ರೆಟ್ ಲೋಹಾನ ನಿಕಲ್ ಸಿಲ್ವರ್ ಅಂತಾರೆ, ಬೆಳ್ಳಿ ಚೂರೂ ಇಲ್ಲ, ತಾಮ್ರ ನಿಕಲ್ ಸತು ಸೇರಿದ್ದು, ಹಾಗಾಗಿ ತುಕ್ಕಲ್ಲ ಕಿಲುಬು. ಅತಿ ಸಣ್ಣ ಎಳೆಯ ಸ್ಟೀಲ್ ವೂಲಲ್ಲಿ ಉಜ್ಜಿದ್ರೆ ಹೋಗುತ್ತೆ, ಆದ್ರೆ ಅದಕ್ಕೂ ಮುಂಚೆ ಪಿಕಪ್ ಮೇಲೆ ಪೂರ್ತಿ ಟೇಪ್ ಮುಚ್ಚಿ, ಪಿಕಪ್ ಒಳಗಿರೋದು ಮ್ಯಾಗ್ನೆಟ್, ಕಬ್ಬಿಣದ ಪುಡಿ ಎಲ್ಲಾ ಹೋಗಿ ಅಲ್ಲೇ ಅಂಟ್ಕೊಂಡ್ರೆ ತೆಗೆಯೋಕಾಗಲ್ಲ. ಫಿಂಗರ್‌ಬೋರ್ಡ್ (ಫ್ರೆಟ್ ಕೂರಿಸಿರೋ ಹಲಗೆ) ಕಪ್ಪು ಕಂದು ಮರ ಆಗಿದ್ರೆ ಗಿಟಾರ್ ಅಂಗಡಿಲಿ ಸಿಗೋ ಲೆಮನ್ ಆಯಿಲ್ ಎರಡು ಹನಿ ಸಾಕು. ನಿಂಬೆಹಣ್ಣಿನ ರಸ ಅಲ್ಲ ಮತ್ತೆ! ಕೊಬ್ಬರಿ ಎಣ್ಣೆನೂ ಬೇಡ, ಕಮಟು ವಾಸನೆ ಬರುತ್ತೆ.

ಕರಕರ ಶಬ್ದ ಬಹುಮಟ್ಟಿಗೆ ನಾಬ್ ಕೆಳಗಿರೋ ವಾಲ್ಯೂಮ್ ಪಾಟ್ ಒಳಗಿನ ಧೂಳು. ಇಲೆಕ್ಟ್ರಾನಿಕ್ಸ್ ಅಂಗಡಿಲಿ ಕಾಂಟ್ಯಾಕ್ಟ್ ಕ್ಲೀನರ್ ಕೇಳಿ, ಪಾಟ್ ಹಿಂದಿನ ಸಂದಿಗೆ ಹೊಡೆದು ನಾಬನ್ನ ಹಿಂದಕ್ಕೆ ಮುಂದಕ್ಕೆ ಚೆನ್ನಾಗಿ ತಿರುಗಿಸಿ. ಬಾಗಿಲು ಕೀಲಿಗೆ ಹೊಡೆಯೋ ತುಕ್ಕಿನ ಸ್ಪ್ರೇ ಹೊಡೀಬೇಡಿ, ಜಿಡ್ಡು ಉಳಿದು ಮತ್ತೆ ಧೂಳು ಕೂರುತ್ತೆ.

ಸತ್ತ ಪಿಕಪ್ ವಿಷ್ಯಕ್ಕೆ ಬರೋಣ, ಮಜಾ ಇರೋದು ಇಲ್ಲಿ. ಗಿಟಾರನ್ನ ಆಂಪಿಗೆ (ಆಂಪ್ಲಿಫೈಯರ್) ಹಾಕಿ ಪಿಕಪ್ ಮೇಲೆ ಸ್ಕ್ರೂಡ್ರೈವರ್ ತುದಿಯಿಂದ ಮೆಲ್ಲಗೆ ತಟ್ಟಿ, ಟಕ್ ಅಂದ್ರೆ ಜೀವ ಇದೆ, ಸ್ವಿಚ್ ಕೆಟ್ಟಿರ್ಬಹುದು. ಏನೂ ಬರ್ಲಿಲ್ಲ ಅಂದ್ರೆ ಅದರ ವೈರ್ ಬಿಡಿಸಿ ಮಲ್ಟಿಮೀಟರ್ ಹಿಡೀರಿ, ಸಾಮಾನ್ಯ ಸಿಂಗಲ್ ಕಾಯಿಲ್ (ಒಂದೇ ತಂತಿ ಸುರುಳಿಯ ಪಿಕಪ್) ಆದ್ರೆ 5ರಿಂದ 8 ಕಿಲೋ ಓಮ್ ಆಚೀಚೆ ತೋರಿಸ್ಬೇಕು. ಮೀಟರ್ ಏನೂ ತೋರಿಸ್ತಿಲ್ಲ ಅಂದ್ರೆ ಒಳಗಿನ ತಂತಿ ಕಟ್ ಆಗಿದೆ. ಆ ತಂತಿ ಎಷ್ಟು ಸಣ್ಣ ಅಂದ್ರೆ ಸುಮಾರು 0.06 ಮಿಲಿಮೀಟರ್, ಅದನ್ನ ಸಾವಿರಾರು ಸುತ್ತು ಸುತ್ತಿರ್ತಾರೆ. ಆದ್ರೂ ಎಷ್ಟೋ ಸಲ ಕಟ್ ಆಗಿರೋದು ಹೊರಗಿನ ವೈರಿಗೆ ಬೆಸುಗೆ ಹಾಕಿರೋ ತುದಿಲೇ, ತೇವಕ್ಕೆ ಹಸಿರಾಗಿ ಬಿಟ್ಟಿರುತ್ತೆ, ಲೆನ್ಸ್ ಹಿಡಿದು ನೋಡಿ, ತುದಿ ಸಿಕ್ರೆ ಎನಾಮೆಲ್ ಕೆರೆದು ಮತ್ತೆ ಸೋಲ್ಡರ್ ಮಾಡಿದ್ರೆ ಮುಗೀತು. ಮಧ್ಯದಲ್ಲಿ ಕಟ್ ಆಗಿದ್ರೆ ರೀವೈಂಡ್ ಮಾಡಿಸ್ಬೇಕು. ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಮಾಡೋರ ಹತ್ರ ತಗೊಂಡೋಗ್ತೀರ ಅಂತ ಗೊತ್ತು, ಅವ್ರ ಕೈ ಪಳಗಿರೋದು ದಪ್ಪ ತಂತಿಗೆ, ಬೆಂಗಳೂರಲ್ಲಿ ಗಿಟಾರ್ ಪಿಕಪ್ಪನ್ನೇ ಸುತ್ತೋರು ಸಿಗೋವರೆಗೂ ಕಾಯಿರಿ, ಅಲ್ಲೀವರೆಗೆ ಇನ್ನೊಂದು ಪಿಕಪ್ಪಲ್ಲಿ ನುಡಿಸಿ. ಯಾವ ಪಾರ್ಟ್ ತೆಗೆದ್ರೂ ಎಸೀಬೇಡಿ, ಕವರ್‌ಗೆ ಹಾಕಿಡಿ.

ನೆಕ್ ಬಾಗಿದ್ಯಾ ನೋಡೋಕೆ, ಹೊಸ ಸ್ಟ್ರಿಂಗ್ ಹಾಕಿ ಟ್ಯೂನ್ ಮಾಡಿದ ಮೇಲೆ ದಪ್ಪ ಸ್ಟ್ರಿಂಗನ್ನ ಮೊದಲ್ನೇ ಫ್ರೆಟ್ಟಲ್ಲೂ ಕೊನೇ ಫ್ರೆಟ್ಟಲ್ಲೂ ಒತ್ತಿ ಹಿಡೀರಿ, ಏಳು ಎಂಟನೇ ಫ್ರೆಟ್ ಹತ್ರ ಕಾಲು ಮಿಲಿಮೀಟರ್ ಸಂದಿ ಇದ್ರೆ ಚೆನ್ನಾಗಿದೆ ಅಂತ. ಜಾಸ್ತಿ ಇದ್ರೆ ನೆಕ್ ಒಳಗಿನ ಟ್ರಸ್ ರಾಡ್ ಅನ್ನೋ ಕಂಬಿ ಒಂದ್ಸಲಕ್ಕೆ ಕಾಲು ಸುತ್ತು ಮಾತ್ರ, ಮತ್ತೆ ಮಾರನೇ ದಿನ ನೋಡಿ. ಆದ್ರೆ ಹೆಡ್ ಮೇಲೆ ಸ್ಟೀಲ್ ರೀಇನ್‌ಫೋರ್ಸ್ಡ್ ನೆಕ್ ಅಂತ ಬರ್ದಿದ್ರೆ ಒಳಗಿರೋ ಕಬ್ಬಿಣ ಎಷ್ಟೋ ಸಲ ಅಡ್ಜಸ್ಟ್ ಮಾಡೋ ಥರದ್ದಲ್ಲ, ಸುಮ್ನೆ ಹುಡುಕ್ಬೇಡಿ. ಆಗ 9 ಅಥವಾ 10ರ (ದಪ್ಪ ಹೇಳೋ ಗೇಜ್ ನಂಬರ್) ಸಣ್ಣ ಸೆಟ್ ಸ್ಟ್ರಿಂಗ್ ಹಾಕಿ, ಎಳೆತ ಕಮ್ಮಿ ಆಗುತ್ತೆ.

ದೊಡ್ಡಪ್ಪನಿಗೆ ಈಗ್ಲೇ ಹೇಳ್ಬಿಡಿ ಸರ್ಪ್ರೈಸ್ ಹಾಳಾದ್ರೂ ಪರ್ವಾಗಿಲ್ಲ, ಗಿಟಾರ್ ಹೆಸರು ಅವ್ರಿಗೆ ನೆನಪಿರುತ್ತೆ, ವೈರಿಂಗ್ ಯಾರಾದ್ರೂ ಬಿಚ್ಚಿದ್ರಾ ಅಂತಾನೂ ಗೊತ್ತಿರುತ್ತೆ.

ಪ್ರಶ್ನೆ: ಸಕಲೇಶಪುರದಲ್ಲಿ ನಮ್ಮ ಹಳೇ ಮನೆ ಬಿಚ್ಚಿದಾಗ ಬೀಟೆ ಹಲಗೆ ಸಿಕ್ಕಿದೆ. ಸವೆದುಹೋದ ಫಿಂಗರ್‌ಬೋರ್ಡಿಗೆ ಇದನ್ನ ಹಾಕ್ಬಹುದಾ?

ಉತ್ತರ: ಹಾಕ್ಬಹುದು, ಅದೃಷ್ಟವಂತರು ನೀವು. ಗಿಟಾರ್ ಕಂಪನಿಗಳು ಇಂಡಿಯನ್ ರೋಸ್‌ವುಡ್ ಅಂತ ತರಿಸ್ಕೊಳ್ಳೋದು ಇದನ್ನೇ, ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ. 2017ರಲ್ಲಿ ಸೈಟಿಸ್ ಅನ್ನೋ ಕಾಡು ಪ್ರಾಣಿ, ಗಿಡಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಡಾಲ್ಬರ್ಜಿಯಾ ಜಾತಿ ಮರಗಳಿಗೆಲ್ಲ ಬಿಗಿ ಮಾಡಿದಾಗ ಗಿಟಾರ್ ದೇಶ ದಾಟಿಸೋಕೂ ಪೇಪರ್ ಕೇಳೋಕೆ ಶುರು ಮಾಡಿದ್ರು, 2019ರಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ತು. ಹಳೇ ಮನೆ ಹಲಗೆ ಚೆನ್ನಾಗಿ ಒಣಗಿರೋದ್ರಿಂದ ಹೊಸ ಮರಕ್ಕಿಂತ ವಾಸಿ, ಮೊಳೆ ತೂತು, ಬಿರುಕು ಇಲ್ಲದ ಕಡೆ ನೇರ ಎಳೆ ನೋಡಿ ಕೊಯ್ಸಿ, ಸುಮಾರು 6 ಮಿಲಿಮೀಟರ್ ದಪ್ಪ ಸಾಕು. ಆದ್ರೆ ಫ್ರೆಟ್ ಕೂರಿಸೋ ಸಣ್ಣ ತೋಡು ಕೊಯ್ಯೋ ಕೆಲಸ ಬಾಗಿಲು ಮಾಡೋ ಆಚಾರಿಗೆ ಕೊಡ್ಬೇಡಿ, ಅರ್ಧ ಮಿಲಿಮೀಟರ್ ತಪ್ಪಿದ್ರೂ ಆ ಸ್ವರ ಯಾವತ್ತೂ ಕೂರಲ್ಲ. ಹಾಂ, ಹಲಗೆ ಇದೆ ಸರಿ, ತೋಟದಲ್ಲಿ ನಿಂತಿರೋ ಬೀಟೆ ಮುಟ್ಟೋಕೆ ಹೋಗ್ಬೇಡಿ, ಸ್ವಂತ ಜಾಗ ಆದ್ರೂ ಅರಣ್ಯ ಇಲಾಖೆ ಪರ್ಮಿಷನ್ ಬೇಕು.

ಪ್ರಶ್ನೆ: ಬೇಲೂರು ಕಡೆ ಗಣಪತಿ ಪೆಂಡಾಲಲ್ಲಿ ಆರ್ಕೆಸ್ಟ್ರಾ ನುಡಿಸ್ತೀನಿ. ಹಳೇ ಗಿಟಾರ್, ಹಳೇ ವಾಲ್ವ್ ಆಂಪ್. ಮೈಕಿಗೆ ತುಟಿ ತಾಗಿದ್ರೆ ಜುಮ್ ಅನ್ನುತ್ತೆ. ಗಿಟಾರ್ ಒಳಗೆ ಬ್ರಿಡ್ಜಿಗೆ ಹೋಗೋ ವೈರ್ ಕಟ್ ಮಾಡಿದ್ರೆ ಸರಿಹೋಗುತ್ತೆ ಅಂದ್ರು.

ಉತ್ತರ: ಹಾಗೆ ಹೇಳಿದೋರ ಮಾತು ಕೇಳ್ಬೇಡಿ. ಆ ವೈರ್ ಸ್ಟ್ರಿಂಗನ್ನ ಆಂಪಿನ ಚಾಸಿಗೆ ಸೇರಿಸುತ್ತೆ, ಕಟ್ ಮಾಡಿದ್ರೆ ಹಮ್ (ಗುಂಯ್ ಅನ್ನೋ ಶಬ್ದ) ಜಾಸ್ತಿ ಆಗುತ್ತೆ, ತೊಂದ್ರೆ ಆಂಪಲ್ಲೇ ಉಳಿಯುತ್ತೆ. ಸ್ಟ್ರಿಂಗ್ ಮುಟ್ಟಿದಾಗ ಹಮ್ ಕಮ್ಮಿ ಆದ್ರೆ ಅದು ಮಾಮೂಲು, ಹೆದರ್ಬೇಕಿಲ್ಲ. ಜುಮ್ ಅಂದ್ರೆ ಮಾತ್ರ ಅರ್ತಿಂಗ್ ಸರಿ ಇಲ್ಲ ಅಂತ, ಎರಡು ಪಿನ್ ಪ್ಲಗ್ ಹಾಕಿರ್ತಾರೆ ಇಲ್ಲಾ ಪೆಂಡಾಲ್ ಲೈನಿಗೆ ಅರ್ತೇ ಎಳೆದಿರಲ್ಲ. ಮಳೆಲಿ ಒದ್ದೆ ನೆಲ, ಬರಿಗಾಲು, ಮೈಕ್ ಬೇರೆ ಕಡೆಯ ಲೈನಲ್ಲಿ, ಜೀವಕ್ಕೇ ಕುತ್ತು. ಆಂಪಿಗೆ ಮೂರು ಪಿನ್ ಕಾರ್ಡ್ ಹಾಕ್ಸಿ, ಎಲೆಕ್ಟ್ರಿಷಿಯನ್ ಕರೆದು ಅರ್ತ್ ಚೆಕ್ ಮಾಡಿಸೋವರೆಗೂ ಆ ಸೆಟ್ ನುಡಿಸ್ಬೇಡಿ. ನೀವೇ ಆಂಪ್ ಬಿಚ್ಚೋಕೂ ಹೋಗ್ಬೇಡಿ, ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರಲ್ಲಿ 300 ವೋಲ್ಟ್ ಮೇಲೆ ಉಳಿದಿರ್ಬಹುದು.