‘ನಿಮ್ಮ ಮೆಚ್ಚಿನ ಸಿನಿಮಾ ಯಾವುದ್ರಿ?’: ಓದುಗರ ಪ್ರಶ್ನೆ, ಬಳಗದ ಉತ್ತರ

ಮೆಚ್ಚಿನ ಐದು ಸಿನಿಮಾ ಬರೆದು ಕಳಿಸಿ ಎಂದು ಹೋದ ಸಂಚಿಕೆಯಲ್ಲಿ ಕೇಳಿದ್ದೆವು. ಪಟ್ಟಿಗಳ ಜೊತೆ ಪ್ರಶ್ನೆಗಳೂ ಬಂದವು. ಈ ಸಲ ಪ್ರಶ್ನೆಗಳಿಗಷ್ಟೇ ಜಾಗ. ಬರೆದವರ ಹೆಸರು ಹಾಕಿಲ್ಲ, ಊರು ಮಾತ್ರ ಹಾಕಿದ್ದೇವೆ.

ತಿಂಗಳಿಗೊಮ್ಮೆ ರವಿವಾರ ನಾವು ಅಣ್ಣ-ತಮ್ಮಂದಿರ ಮನಿಯವರೆಲ್ಲ ಕೂಡ್ತೀವ್ರಿ. ಹೋದ ಸಲ ಒಬ್ಬೊಬ್ಬರೂ ತಮ್ಮ ಮೆಚ್ಚಿನ ಸಿನಿಮಾ ಹೇಳಬೇಕು ಅಂತ ಮಾಡಿದ್ವಿ. ಅರ್ಧಕ್ಕರ್ಧ ಮಂದಿ ‘ಬಂಗಾರದ ಮನುಷ್ಯ’ ಅಂದ್ರು. ನಮ್ಮ ಕಾಕಾ ಒಬ್ಬರ ಮುಕ್ಕಾಲು ತಾಸು ಕಥಿ ಹೇಳಿದ್ರು. ಹುಡುಗರು ಎದ್ದು ಹೋದ್ವು. ಮತ್ತೊಮ್ಮೆ ಮಾಡಬೇಕಂದ್ರ ಹ್ಯಾಂಗ ಮಾಡೂದು?
ಕೇಶ್ವಾಪುರ, ಹುಬ್ಬಳ್ಳಿ

ತೊಡಕು ಕೇಳಿದ ರೀತಿಯಲ್ಲೇ ಇದೆ. ತುಂಬಿದ ಪಡಸಾಲೆಯಲ್ಲಿ ಥಟ್ಟನೆ ಕೇಳಿದರೆ ಯಾರೂ ತಾವು ಮೆಚ್ಚಿದ್ದನ್ನು ಹೇಳುವುದಿಲ್ಲ, ಬೇರೆಯವರು ತಕರಾರು ತೆಗೆಯದ ಹೆಸರನ್ನು ಹೇಳುತ್ತಾರೆ. 1972ರ ‘ಬಂಗಾರದ ಮನುಷ್ಯ’ಕ್ಕೆ ನಮ್ಮ ಕಡೆ ತಕರಾರು ತೆಗೆಯುವವರು ಯಾರು? ನಿಮಗೆ ಸಿಕ್ಕದ್ದು ಶ್ರೇಷ್ಠ ಸಿನಿಮಾಗಳ ಪಟ್ಟಿ. ಮೆಚ್ಚಿನ ಸಿನಿಮಾಗಳ ಪಟ್ಟಿ ಇನ್ನೂ ಅವರವರ ಕಿಸೆಯಲ್ಲೇ ಇದೆ.

ಶ್ರೇಷ್ಠದ ಪಟ್ಟಿ ಕೂಡ ಯಾರನ್ನು ಕೇಳಿದರು ಎಂಬುದರ ಮೇಲೆ ನಿಂತಿರುತ್ತದೆ. ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರಿಂದ ತಲಾ ಹತ್ತು ಸಿನಿಮಾ ಹೆಸರು ಪಡೆಯುತ್ತದೆ. ಮೊದಲ ಸಲ ಗೆದ್ದದ್ದು ಆಗಿನ್ನೂ ನಾಲ್ಕೇ ವರ್ಷದ ‘ಬೈಸಿಕಲ್ ಥೀವ್ಸ್’. 1962ರಿಂದ 2002ರವರೆಗೆ ಐದು ಸಲವೂ ‘ಸಿಟಿಜನ್ ಕೇನ್’, 2012ರಲ್ಲಿ ‘ವರ್ಟಿಗೋ’, 2022ರಲ್ಲಿ ‘ಜೀನ್ ಡೀಲ್ಮನ್’. ಕೊನೆಯ ಹತ್ತು ವರ್ಷದಲ್ಲಿ ಮತ ಹಾಕಿದವರು ಸುಮಾರು 850ರಿಂದ 1,600ಕ್ಕೂ ಮೇಲೆ ಏರಿದರು. ಸಿನಿಮಾಗಳು ಹಳೆಯವೇ, ಉತ್ತರ ಕೊಟ್ಟವರು ಬದಲಾದರು.

ಮುಂದಿನ ಸಲ ಮೂರು ದಿನ ಮೊದಲೇ ಎಲ್ಲರಿಗೂ ಒಂದೊಂದು ಚೀಟಿ ಕೊಡಿ. ಅದರಲ್ಲಿ ಮೂರು ಹೆಸರು ಬರೆಯಲಿ: ಮೂರು ಸಲಕ್ಕಿಂತ ಹೆಚ್ಚು ನೋಡಿದ್ದು, ದೃಶ್ಯ ಬರುವ ಮೊದಲೇ ಕಣ್ಣು ತುಂಬುವುದೋ ನಗು ಬರುವುದೋ ಆಗುವ ಸಿನಿಮಾ, ಊರೆಲ್ಲ ಮೆಚ್ಚಿದರೂ ತನಗೆ ಸೇರದ್ದು. ನಾಲ್ಕನೆಯದು, ಅಂದರೆ ಮೆಚ್ಚಿದರೂ ನಾಲ್ಕು ಮಂದಿಯ ಮುಂದೆ ಹೇಳಲು ನಾಚಿಕೆಯಾಗುವ ಸಿನಿಮಾ, ಇಷ್ಟವಿದ್ದವರು ಮಾತ್ರ ಬರೆಯಲಿ. ಅತ್ತೆ-ಸೊಸೆ ಇಬ್ಬರೂ ಕೂತ ಕೋಣೆಯಲ್ಲಿ ಅದಕ್ಕೆ ಒತ್ತಾಯ ಬೇಡ. ಪ್ರತಿ ಹೆಸರಿನ ಮುಂದೆ ಯಾವ ವಯಸ್ಸಿನಲ್ಲಿ, ಎಲ್ಲಿ, ಯಾರ ಜೊತೆ ನೋಡಿದ್ದು ಎಂದು ಒಂದು ಸಾಲು ಇರಲಿ. ಇಡೀ ಚೀಟಿಯಲ್ಲಿ ಹೆಚ್ಚು ಮಾತಾಡುವುದು ಈ ಸಾಲೇ. ‘ಟೂರಿಂಗ್ ಟಾಕೀಸಿನಲ್ಲಿ, ನೆಲದ ಮೇಲೆ ಕೂತು, ಆಯಿಯ ಜೊತೆ’ ಎಂದು ಬರೆದವರ ಬಗ್ಗೆ ಸಿನಿಮಾದ ಹೆಸರಿಗಿಂತ ಹೆಚ್ಚು ಅದರಿಂದಲೇ ಗೊತ್ತಾಗುತ್ತದೆ.

ಚೀಟಿಗಳನ್ನು ಒಂದು ಡಬ್ಬಿಗೆ ಹಾಕಿ ಒಬ್ಬರೇ ಓದಲಿ. ಚೀಟಿ ಯಾರದೆಂದು ಉಳಿದವರು ಊಹಿಸಲಿ, ಅದಕ್ಕೆ ಎರಡು ನಿಮಿಷ. ಆಮೇಲೆ ಬರೆದವರು ಆರು ನಿಮಿಷ ಮಾತಾಡಲಿ, ಫೋನಿನ ಅಲಾರಾಂ ಇಟ್ಟು. ಕಥೆ ಹೇಳುವಂತಿಲ್ಲ, ಒಂದೇ ಒಂದು ದೃಶ್ಯ. ಎಂಟು ಮಂದಿಗೆ ಒಂದು ತಾಸು ಐದು ನಿಮಿಷದಲ್ಲಿ ಮುಗಿಯುತ್ತದೆ. ಹತ್ತು ದಾಟಿದರೆ ಎರಡು ಗುಂಪು ಮಾಡಿ, ಇಲ್ಲದಿದ್ದರೆ ಕೊನೆಯ ಮೂವರ ಮಾತು ಯಾರಿಗೂ ಬೇಡವಾಗುತ್ತದೆ.

ಕೆಡುವುದು ಸಾಮಾನ್ಯವಾಗಿ ಮೊದಲ ಮಾತಿನಲ್ಲೇ. ಹಿರಿಯರು ಶುರು ಮಾಡಿದರೆ ಉಳಿದವರು ಅವರ ದಾರಿಯಲ್ಲೇ ನಡೆಯುತ್ತಾರೆ. ಹದಿನಾಲ್ಕು-ಹದಿನೈದರ ಹುಡುಗ ಹುಡುಗಿಯರಿಂದ ಶುರು ಮಾಡಿಸಿ. ‘ಅದೇನ ಸಿನಿಮಾ ಬಿಡೋ’ ಎನ್ನುವ ಮಾತು ಒಂದು ಸಲ ಬಂದರೂ ಮುಂದಿನ ಚೀಟಿಯವರು ಹೆಸರು ಬದಲಿಸುತ್ತಾರೆ. ಸರದಿ ಮುಗಿಯುವ ತನಕ ಯಾರೂ ಬಾಯಿ ಹಾಕಬಾರದು ಎಂದು ಮೊದಲೇ ಹೇಳಿಬಿಡಿ. ಗಿರ್ಮಿಟ್ ಕೊನೆಗೆ ಕೊಡಿ, ಮೊದಲೇ ಕೊಟ್ಟರೆ ಮಂಡಕ್ಕಿ ಮೆತ್ತಗಾಗುವುದರೊಳಗೆ ತಿಂದು ಮುಗಿಸುವ ಅವಸರದಲ್ಲಿ ಯಾರ ಕಿವಿಯೂ ತೆರೆದಿರುವುದಿಲ್ಲ. ಕಾಕಾ ಅವರಿಗೆ ಅಲಾರಾಂ ಹಿಡಿಯುವ ಕೆಲಸ ಕೊಟ್ಟುಬಿಡಿ.

ನನ್ನ ಹತ್ತು ಸಿನಿಮಾದೊಳಗ ಎಂಟು 1970ರಿಂದ 75ರ ಒಳಗಿನವು. ಮಗ ‘ಅಪ್ಪಾ, ನೀವು ಅಲ್ಲೇ ನಿಂತೀರಿ’ ಅಂತ ನಗತಾನ. ಖರೇ ಏನ್ರಿ?
ನಿವೃತ್ತ ಶಿಕ್ಷಕರು, ಸಪ್ತಾಪುರ, ಧಾರವಾಡ

ಅರ್ಧ ಖರೆ. ನಡುವಯಸ್ಸು ದಾಟಿದವರನ್ನು ಬದುಕಿನ ನೆನಪುಗಳ ಬಗ್ಗೆ ಕೇಳಿದರೆ ಹೆಚ್ಚು ಬರುವುದು ಹತ್ತರಿಂದ ಮೂವತ್ತರ ನಡುವಿನವು. ನೆನಪಿನ ಬಗ್ಗೆ ಅಧ್ಯಯನ ಮಾಡುವವರು ಇದನ್ನು ‘ರೆಮಿನಿಸೆನ್ಸ್ ಬಂಪ್’ ಅನ್ನುತ್ತಾರೆ. ಹಾಡು, ಸಿನಿಮಾ, ಪುಸ್ತಕಗಳ ಮೆಚ್ಚಿಕೆಯೂ ಬಹಳ ಮಟ್ಟಿಗೆ ಇದೇ ಜಾಡಿನಲ್ಲಿ ಹೋಗುತ್ತದೆ. ಮೊದಲ ನೌಕರಿ, ಮೊದಲ ಸಲ ಊರು ಬಿಟ್ಟದ್ದು, ಮದುವೆ ಎಲ್ಲ ಆ ಕಾಲದಲ್ಲೇ ನಡೆಯುವುದರಿಂದ ಆಗ ನೋಡಿದ ಸಿನಿಮಾಕ್ಕೆ ಅಂಟಿಕೊಳ್ಳಲು ಜಾಗ ಹೆಚ್ಚು.

ಇನ್ನರ್ಧ ನಿಮ್ಮ ಪರ. ಆ ಐದು ವರ್ಷ ಕನ್ನಡ ಸಿನಿಮಾಕ್ಕೆ ನಿಜಕ್ಕೂ ಸುಗ್ಗಿ. 1970ರ ‘ಸಂಸ್ಕಾರ’ಕ್ಕೆ ಸೆನ್ಸಾರ್ ಮಂಡಳಿ ಮೊದಲು ಒಪ್ಪಿಗೆ ಕೊಡಲಿಲ್ಲ, ಆಮೇಲೆ ಅದೇ ದೇಶದ ಅತ್ಯುತ್ತಮ ಚಿತ್ರವಾಯಿತು. 1971ರಲ್ಲಿ ‘ಶರಪಂಜರ’, 1972ರಲ್ಲಿ ‘ನಾಗರಹಾವು’, 1973ರಲ್ಲಿ ‘ಕಾಡು’, 1974ರಲ್ಲಿ ‘ಭೂತಯ್ಯನ ಮಗ ಅಯ್ಯು’. ‘ಸಂಸ್ಕಾರ’ದ ಪ್ರಾಣೇಶಾಚಾರ್ಯರಾಗಿ ನಟಿಸಿದ, ‘ಕಾಡು’ ನಿರ್ದೇಶಿಸಿದ ಗಿರೀಶ ಕಾರ್ನಾಡರು ನಿಮ್ಮ ಊರಿನ ಕರ್ನಾಟಕ ಕಾಲೇಜಿನಲ್ಲೇ ಓದಿದವರು. ಧಾರವಾಡದ ಮೇಷ್ಟ್ರೊಬ್ಬರ ಪಟ್ಟಿಯಲ್ಲಿ ಇವು ಇಲ್ಲದಿದ್ದರೇ ಆಶ್ಚರ್ಯ.

ನಿಮ್ಮ ಮೆಚ್ಚಿಕೆಯಲ್ಲಿ ವಯಸ್ಸಿನ ಪಾಲೆಷ್ಟು, ಸಿನಿಮಾದ ಪಾಲೆಷ್ಟು ಎಂದು ಬೇರ್ಪಡಿಸಿ ನೋಡಬಹುದು. ಸಿನಿಮಾ ಬಿಡುಗಡೆಯಾದ ವರ್ಷ ಬಿಟ್ಟು, ನೀವು ನೋಡಿದ ವರ್ಷ ತೆಗೆದುಕೊಂಡು, ಅದರಲ್ಲಿ ಹುಟ್ಟಿದ ವರ್ಷ ಕಳೆಯಿರಿ. ಮಗನ ಪಟ್ಟಿಗೂ ಹೀಗೇ ಮಾಡಿ ಎರಡನ್ನೂ ಮಗ್ಗುಲಲ್ಲಿಡಿ. ಅವರ ಪಟ್ಟಿಯೂ ಹದಿನೈದು-ಇಪ್ಪತ್ತೈದರ ಸುತ್ತ ಗುಂಪುಗೂಡಿದ್ದರೆ ನಗುವ ಸರದಿ ನಿಮ್ಮದು. ಆಮೇಲೆ ಪಟ್ಟಿಯಿಂದ ಎರಡು ಸಿನಿಮಾ, ಅದೇ ವರ್ಷಗಳಲ್ಲಿ ಬಂದು ನೀವು ಇನ್ನೂ ನೋಡದ ಒಂದು ಸಿನಿಮಾ ಆರಿಸಿ ಹಗಲು ಹೊತ್ತಿನಲ್ಲಿ ನೋಡಿ; ರಾತ್ರಿ ಊಟವಾದ ಮೇಲೆ ಬರುವ ತೂಕಡಿಕೆಗೆ ಸಿನಿಮಾ ಹೊಣೆಯಲ್ಲ. ನೋಡದ ಸಿನಿಮಾವೂ ಹಿಡಿದು ಕೂರಿಸಿದರೆ ಅದು ಸಿನಿಮಾದ ಪಾಲು. ಪಟ್ಟಿಯ ಸಿನಿಮಾ ನೋಡುವಾಗ ಇಪ್ಪತ್ತು ನಿಮಿಷದಲ್ಲಿ ಕೈ ಫೋನಿಗೆ ಹೋದರೆ ಅದನ್ನು ಹಿಡಿದಿಟ್ಟಿದ್ದದ್ದು ನಿಮ್ಮ ಹರೆಯ. ಹಾಗೆಂದು ಪಟ್ಟಿಯಿಂದ ತೆಗೆಯಬೇಕಿಲ್ಲ, ಮುಂದೆ ಒಂದು ಗುರುತು ಹಾಕಿ ಸಾಕು. ಇನ್ನೊಂದು ಎಚ್ಚರ: ಟಿವಿಗೆಂದು ಕತ್ತರಿಸಿದ ಪ್ರತಿಗಳು ಬಹಳ ಓಡಾಡುತ್ತವೆ. ‘ಯಾಕೋ ಮೊದಲಿನಂಗಿಲ್ಲ’ ಅನ್ನಿಸಿದರೆ ಮೊದಲು ಸಿನಿಮಾದ ಅವಧಿ ನೋಡಿ.

ಒಂದೇ ಒಂದು ಹಾಡಿನ ಸಲುವಾಗಿ ಒಂದು ಸಿನಿಮಾ ಮೆಚ್ಚಿದ್ರ ಅದು ಮೆಚ್ಚಿನ ಸಿನಿಮಾ ಆಗತದ ಏನು?
ಗದಗ

ಆಗುತ್ತದೆ, ಒಂದು ಪರೀಕ್ಷೆ ಪಾಸಾದರೆ. ಹಾಡನ್ನು ಒಮ್ಮೆ ಚಿತ್ರವಿಲ್ಲದೆ ಕೇಳಿ, ಒಮ್ಮೆ ದನಿ ಪೂರ್ತಿ ತೆಗೆದು ಬರೀ ನೋಡಿ. ಕೇಳುವಾಗ ಮಾತ್ರ ಹಿಡಿದರೆ ನಿಮ್ಮದು ಹಾಡಿನ ಮೆಚ್ಚಿಕೆ, ಅದರ ಪಟ್ಟಿ ಬೇರೆ ಮಾಡಿ. 1966ರ ‘ಸಂಧ್ಯಾರಾಗ’ದಲ್ಲಿ ನಿಮ್ಮ ಜಿಲ್ಲೆಯಲ್ಲೇ ಹುಟ್ಟಿದ ಭೀಮಸೇನ ಜೋಶಿಯವರು ಹಾಡಿದ ‘ನಂಬಿದೆ ನಿನ್ನ ನಾದ ದೇವತೆಯೇ’ ಕಣ್ಣು ಮುಚ್ಚಿ ಕೇಳಿದರೂ ಒಂದು ಗುಂಜಿ ಕಡಿಮೆಯಾಗುವುದಿಲ್ಲ. 1977ರ ‘ಸನಾದಿ ಅಪ್ಪಣ್ಣ’ ಹಾಗಲ್ಲ. ಶಹನಾಯಿ ಬಿಸ್ಮಿಲ್ಲಾ ಖಾನ್ ಅವರದು, ಆದರೆ ದನಿ ತೆಗೆದರೂ ರಾಜಕುಮಾರರ ಮುಖ ನೋಡುತ್ತ ಕೂರಬಹುದು. ಅದನ್ನು ಧಾರಾಳವಾಗಿ ಸಿನಿಮಾ ಪಟ್ಟಿಗೇ ಸೇರಿಸಿ.

ನನ್ನ ನೋಡಾಕ ಹುಡುಗನ ಮನಿಯವರು ಬಂದಿದ್ರು. ಹತ್ತು ನಿಮಿಷ ಇಬ್ಬರನ್ನೇ ಮಾತಾಡಾಕ ಬಿಟ್ರು. ಮೆಚ್ಚಿನ ಸಿನಿಮಾ ‘ಓಂ’ ಅಂದ್ರು ಅವರು. ಅವ್ವಗ ಅಂದಿನಿಂದ ಚಿಂತಿ: ರೌಡಿ ಸಿನಿಮಾ ಮೆಚ್ಚೋರ ಜೋಡಿ ಸಂಸಾರ ಹ್ಯಾಂಗ ಅಂತ.
ಉಣಕಲ್, ಹುಬ್ಬಳ್ಳಿ

ಅವ್ವನವರಿಗೆ ಸಮಾಧಾನ ಹೇಳಿ. ಸಿನಿಮಾದ ಹೆಸರಿನಿಂದ ಸ್ವಭಾವ ಅಳೆಯಲು ಹೊರಟರೆ ಜಾತಕದಷ್ಟೂ ಸಿಗುವುದಿಲ್ಲ. 1995ರ ‘ಓಂ’ ಪೂಜಾರಿಯ ಮಗನೊಬ್ಬ ಪ್ರೀತಿಯ ಕಾರಣಕ್ಕೆ ರೌಡಿಯಾಗುವ ಕಥೆ. ಅದನ್ನು ಲಾಂಗಿಗಾಗಿ ಮೆಚ್ಚಿದವರಿದ್ದಾರೆ, ಶಿವರಾಜಕುಮಾರ್‌ಗಾಗಿ ಮೆಚ್ಚಿದವರಿದ್ದಾರೆ, ಉಪೇಂದ್ರ ಕಥೆಯನ್ನು ಹಿಂದೆ ಮುಂದೆ ಮಾಡಿ ಹೇಳಿದ ಚಾತುರ್ಯಕ್ಕೆ ಮೆಚ್ಚಿದವರಿದ್ದಾರೆ. ಕಾಲೇಜು ತಪ್ಪಿಸಿ ಗೆಳೆಯರ ಜೊತೆ ನೋಡಿದ್ದಕ್ಕೆ ಮೆಚ್ಚಿದವರೇ ಬಹುಶಃ ಹೆಚ್ಚು.

ಹೆಸರಿನ ಹಿಂದಿನದನ್ನು ಕೇಳಿ. ‘ಯಾಕೆ ಇಷ್ಟ’ ಎಂದು ಕೇಳಬೇಡಿ, ಅದಕ್ಕೆ ಎಲ್ಲರ ಬಳಿ ತಯಾರು ಉತ್ತರ ಇರುತ್ತದೆ. ಟಿವಿಯಲ್ಲಿ ಬಂದರೆ ಯಾವ ದೃಶ್ಯದಲ್ಲಿ ಚಾನೆಲ್ ಬದಲಿಸದೆ ನಿಲ್ಲುತ್ತೀರಿ, ಅದರಲ್ಲಿ ಯಾರ ಮೇಲೆ ಸಿಟ್ಟು ಬರುತ್ತದೆ, ಮೊದಲು ಯಾರ ಜೊತೆ ನೋಡಿದಿರಿ ಎಂದು ಕೇಳಿ. ನಡುವಿನ ಪ್ರಶ್ನೆಗೆ ಬೆಲೆ ಹೆಚ್ಚು. ನಾಯಕಿಯ ಮೇಲೆ ಸಿಟ್ಟೋ, ನಾಯಕನ ಮೇಲೋ, ಊರವರ ಮೇಲೋ ಎಂಬುದರಿಂದ ತಪ್ಪು ಯಾರದೆಂದು ಅವರು ಹೇಗೆ ತೂಗುತ್ತಾರೆ ಎಂಬುದರ ಸುಳಿವು ಸಿಗುತ್ತದೆ. ಸುಳಿವು ಮಾತ್ರ, ತೀರ್ಪು ಕೊಡಲು ಅಷ್ಟು ಸಾಲದು. ಜೊತೆಗೆ ನಿಮ್ಮ ಸಿನಿಮಾವನ್ನೂ ಹೇಳಿ, ಒಬ್ಬರೇ ಕೇಳುತ್ತ ಹೋದರೆ ಅದು ನೌಕರಿಯ ಸಂದರ್ಶನವಾಗುತ್ತದೆ. ಬಾಗಿಲ ಹಿಂದೆ ಹಿರಿಯರು ಕಿವಿ ಕೊಟ್ಟು ನಿಂತಿರುವಾಗ ಇದು ಆಗುವ ಮಾತಲ್ಲ, ಆಮೇಲೆ ಫೋನಿನಲ್ಲಿ ಮಾತಾಡಿ.

ನಮ್ಮ ಕಾಲೇಜಿನ ಹುಡುಗರು ತಮ್ಮ ಮೆಚ್ಚಿನ ಸಿನಿಮಾದ ಮೂರು-ನಾಲ್ಕು ನಿಮಿಷದ ತುಣುಕು ತೋರಿಸಿ ಮಾತಾಡುವ ಕಾರ್ಯಕ್ರಮ ಇಟ್ಟಿದ್ದೇವೆ. ಫೋನಿನಿಂದ ಪ್ರೊಜೆಕ್ಟರಿಗೆ ಹಾಕಿದರೆ ದನಿ ಬರುತ್ತದೆ, ಚಿತ್ರ ಬರುವುದಿಲ್ಲ. ಹಳೆಯ ಸಿನಿಮಾದಲ್ಲಿ ಎಲ್ಲರೂ ದಪ್ಪಗೆ ಕಾಣುತ್ತಾರೆ. ಕಾನೂನಿನ ತೊಡಕೂ ಇದೆಯೇ?
ಉಪನ್ಯಾಸಕರು, ಹಾವೇರಿ

ಚಿತ್ರ ಕಪ್ಪಾಗುವುದು ಪ್ರೊಜೆಕ್ಟರ್ ಕೆಟ್ಟದ್ದರಿಂದಲ್ಲ. ಓಟಿಟಿ ಆ್ಯಪ್‌ಗಳು ನಕಲು ತಡೆಯಲು ‘ಎಚ್‌ಡಿಸಿಪಿ’ ಎಂಬ ಬೀಗ ಹಾಕಿರುತ್ತವೆ. ನಡುವೆ ಅಗ್ಗದ ಅಡಾಪ್ಟರೋ, ಎಚ್‌ಡಿಎಂಐಯಿಂದ ವಿಜಿಎಗೆ ಬದಲಿಸುವ ಡಬ್ಬಿಯೋ ಇದ್ದರೆ ಬೀಗ ತೆರೆಯುವುದಿಲ್ಲ, ದನಿ ಮಾತ್ರ ದಾಟಿ ಬರುತ್ತದೆ. ಟಿವಿ ಸ್ಟಿಕ್ಕನ್ನು ಪ್ರೊಜೆಕ್ಟರಿನ ಎಚ್‌ಡಿಎಂಐ ತೂತಿಗೆ ನೇರವಾಗಿ ಚುಚ್ಚಿ, ಇಲ್ಲವೇ ಡಿವಿಡಿ ಬಳಸಿ.

ಮುಖ ದಪ್ಪಗಾಗುವುದು 4:3 ಅಳತೆಯ ಚಿತ್ರವನ್ನು 16:9ಕ್ಕೆ ಎಳೆದದ್ದರಿಂದ. ಮೆನುವಿನಲ್ಲಿ ‘ಆಸ್ಪೆಕ್ಟ್’ ಹುಡುಕಿ 4:3 ಅಥವಾ ‘ಒರಿಜಿನಲ್’ ಮಾಡಿ. ಆರು ಅಡಿ ಅಗಲದ 16:9 ಪರದೆಯ ಎತ್ತರ ಸುಮಾರು 3.4 ಅಡಿ, ಅದರಲ್ಲಿ ಹಳೆಯ ಚಿತ್ರ ನಾಲ್ಕೂವರೆ ಅಡಿ ಅಗಲಕ್ಕೆ ಕೂರುತ್ತದೆ, ಎರಡೂ ಬದಿ ಕಪ್ಪು ಪಟ್ಟಿ ಉಳಿಯುತ್ತದೆ. ಉಳಿಯಲಿ, ತುಂಬಿಸಲು ಹೋಗಬೇಡಿ. ಪ್ರೊಜೆಕ್ಟರಿನ ‘ಥ್ರೋ ರೇಶಿಯೋ’, ಅಂದರೆ ಚಿತ್ರದ ಅಗಲದ ಎಷ್ಟು ಪಟ್ಟು ದೂರ ಬೇಕು ಎಂಬ ಲೆಕ್ಕ, 1.5 ಇದ್ದರೆ ಆರು ಅಡಿ ಅಗಲಕ್ಕೆ ಒಂಬತ್ತು ಅಡಿ ದೂರ ಬೇಕು. ದೊಡ್ಡ ಟಿವಿಯಲ್ಲಿ ತೋರಿಸುವುದಾದರೆ ‘ಮೋಶನ್ ಸ್ಮೂದಿಂಗ್’ ಬಂದ್ ಮಾಡಿ. ಸೆಕೆಂಡಿಗೆ 24 ಚೌಕಟ್ಟಿನ ಸಿನಿಮಾದ ನಡುವೆ ಟಿವಿ ತಾನೇ ಚೌಕಟ್ಟು ಸೇರಿಸಿ ಎಲ್ಲವನ್ನೂ ಧಾರಾವಾಹಿ ಮಾಡಿಬಿಡುತ್ತದೆ. ದನಿಗೆ ಬ್ಲೂಟೂತ್ ಸ್ಪೀಕರ್ ಬೇಡ, ತುಟಿಗೂ ಮಾತಿಗೂ ತಾಳ ತಪ್ಪುತ್ತದೆ. ಪ್ರೊಜೆಕ್ಟರಿನ ಆಡಿಯೋ ಔಟ್‌ನಿಂದ ತಂತಿ ಎಳೆದು ಕಾಲೇಜಿನ ಆಂಪ್ಲಿಫೈಯರಿಗೆ ಕೊಟ್ಟು ಸ್ಪೀಕರ್‌ಗಳನ್ನು ಪರದೆಯ ಎರಡೂ ಮಗ್ಗುಲಲ್ಲಿಡಿ.

ಕಾನೂನು: 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನ ಪ್ರಕಾರ ಶಿಕ್ಷಣ ಸಂಸ್ಥೆಯ ಚಟುವಟಿಕೆಯ ಭಾಗವಾಗಿ ಸಿನಿಮಾ ತೋರಿಸಬಹುದು, ನೋಡುವವರು ವಿದ್ಯಾರ್ಥಿಗಳು, ಸಿಬ್ಬಂದಿ, ಪಾಲಕರು, ಸಂಸ್ಥೆಯ ಚಟುವಟಿಕೆಗೆ ಸಂಬಂಧಪಟ್ಟವರು ಮಾತ್ರ ಆಗಿರಬೇಕು. ಊರವರನ್ನು ಕರೆದರೆ ಹಕ್ಕುದಾರರ ಲಿಖಿತ ಒಪ್ಪಿಗೆ ಬೇಕು. ಓಟಿಟಿ ಚಂದಾ ಸಾಮಾನ್ಯವಾಗಿ ಮನೆಬಳಕೆಯ ಕರಾರಿನ ಮೇಲೆ ಕೊಟ್ಟದ್ದು, ಅದು ಬೇರೆ ಮಾತು. ಹಾಗಾಗಿ ಡಿವಿಡಿ ಮೇಲು. ಸಿನಿಮಾದ ಹಕ್ಕು ಬಿಡುಗಡೆಯಾದ ವರ್ಷದ ಮುಂದಿನ ವರ್ಷದಿಂದ ಲೆಕ್ಕ ಹಾಕಿ 60 ವರ್ಷ ಇರುತ್ತದೆ. 1954ರ ‘ಬೇಡರ ಕಣ್ಣಪ್ಪ’ದ ಅವಧಿ 2014ರ ಕೊನೆಗೆ ಮುಗಿಯಿತು. ಆದರೆ ಹಾಡಿನ ಸಾಹಿತ್ಯದ ಹಕ್ಕು ಬರೆದವರು ತೀರಿಕೊಂಡ ಮೇಲೂ 60 ವರ್ಷ ಉಳಿಯುವುದರಿಂದ, ಹೊರಗಿನವರೂ ಬರುವ ಕಾರ್ಯಕ್ರಮದಲ್ಲಿ ಹಳೆಯ ಸಿನಿಮಾದಿಂದಲೂ ಹಾಡಿನ ತುಣುಕು ಬಿಟ್ಟು ಮಾತಿನ ತುಣುಕು ಆರಿಸಿಕೊಳ್ಳುವಂತೆ ಹುಡುಗರಿಗೆ ಹೇಳಿ.