ಅಗ್ಗದ ಕ್ಯಾಮೆರಾದಿಂದ ಚರ್ಮದೊಳಗಿನ ರಕ್ತದ ಆಮ್ಲಜನಕ ಅಳೆಯಬಹುದಾ?

ಏರಿಳಿತ ನೋಡಬಹುದು. ಆದರೆ ಆಕ್ಸಿಮೀಟರ್‌ನಷ್ಟು ನಂಬುವ ಹಾಗಿಲ್ಲ.

ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ 660 ನ್ಯಾನೋಮೀಟರ್ ತರಂಗಾಂತರದ ಕೆಂಪು ಬೆಳಕನ್ನು ಕಡಿಮೆ ಹೀರುತ್ತದೆ, ಆಮ್ಲಜನಕ ಬಿಟ್ಟುಕೊಟ್ಟದ್ದು ಜಾಸ್ತಿ. 940ರ ಇನ್‌ಫ್ರಾರೆಡ್‌ನಲ್ಲಿ, ಅಂದರೆ ಕಣ್ಣಿಗೆ ಕಾಣದ ಬೆಳಕಿನಲ್ಲಿ, ಇದು ಉಲ್ಟಾ. ಈ ಎರಡು ಬೆಳಕಿನ ಎಲ್‌ಇಡಿಗಳನ್ನು ಸರದಿಯಲ್ಲಿ ಹೊತ್ತಿಸಿ ಫೋಟೋ ತೆಗೆದು, ಪ್ರತಿ ಚುಕ್ಕಿಯನ್ನೂ ಹೋಲಿಸಿದರೆ ಆಮ್ಲಜನಕದ ನಕ್ಷೆ ಸಿಗುತ್ತದೆ. ಹಳೇ ವೆಬ್‌ಕ್ಯಾಮ್ ಸಾಕು. ಒಳಗಿನ ಇನ್‌ಫ್ರಾರೆಡ್ ತಡೆಯುವ ಪುಟ್ಟ ಗಾಜು ತೆಗೆದಿರಬೇಕು, ಅಷ್ಟೆ.

ಕಾರವಾರದ ಮನೆಯಲ್ಲಿ ತೋಳಿಗೆ ಬಿಪಿ ಪಟ್ಟಿ ಬಿಗಿದು ನೋಡಿದೆ. ಸ್ವಲ್ಪ ಹೊತ್ತಿಗೆ ಕೆಂಪು ಬೆಳಕಿನ ಚಿತ್ರದಲ್ಲಿ ಅಂಗೈ ಮಂಕಾಯಿತು. ಪಟ್ಟಿ ಸಡಿಲಿಸಿದ್ದೇ ತಡ, ಬೆರಳ ತುದಿವರೆಗೂ ಬೆಳಗಿತು! ಕಿಟಕಿ ಮುಚ್ಚಲೇಬೇಕು; ಕಡಲ ಕಡೆಯ ಬಿಸಿಲು ಒಳಬಂದರೆ ಲೆಕ್ಕವೆಲ್ಲ ಹಾಳು. ಚರ್ಮದ ಬಣ್ಣವೂ ಅಂಕಿ ತಪ್ಪಿಸುತ್ತದೆ. ಬೆಳಕು ಇಳಿಯುವುದೂ ಕೆಲವೇ ಮಿಲಿಮೀಟರ್.