ಅಜ್ಜನ ಮರದ ಕೋಲಿನ ಗಾಲ್ಫ್ ಕ್ಲಬ್‌ಗಳಿಗೆ ಯಾವ ಬಾಲ್?

ಅಜ್ಜನ ಕಾಲದ ಐದು ಗಾಲ್ಫ್ ಕ್ಲಬ್ ಮನೆಯ ಅಟ್ಟದಲ್ಲಿ ಸಿಕ್ಕಿವೆ, ಕೋಲು ಮರದ್ದು, ಅವುಗಳಲ್ಲೇ ಆಡುವ ಆಸೆ, ಯಾವ ಬಾಲ್ ತರಲಿ ಅಂತ ಕೇಳಿದ್ದೀರಿ. ಮೃದುವಾದ ಬಾಲ್ ತನ್ನಿ. ಹೊಸದನ್ನೇ ತನ್ನಿ. ಕ್ಲಬ್ ಮುರಿದರೆ ಅಂಥದ್ದು ಮತ್ತೆ ಸಿಗುವುದಿಲ್ಲ, ಬಾಲ್ ಯಾವಾಗ ಬೇಕಾದರೂ ಸಿಗುತ್ತದೆ.

ನಾನಿರುವುದು ಚೆಂಬೂರಿನಲ್ಲಿ. ನನ್ನ ಹತ್ತಿರವೂ ಇಂಥ ಒಂದು ಸೆಟ್ ಇದೆ. ಮಾವ ಮಾಟುಂಗದ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು. ದಿನಾ ಇಡ್ಲಿಗೆ ಬರುತ್ತಿದ್ದ ವಯಸ್ಸಾದ ಪಾರ್ಸಿ ಗಿರಾಕಿಯೊಬ್ಬರು ಮನೆ ಖಾಲಿ ಮಾಡುವಾಗ ಅವನ್ನು ಮಾವನ ಕೈಗಿಟ್ಟರು. ಮಾವ ನನಗೆ ಕೊಟ್ಟರು. ನಾನು ಏನೂ ಕೇಳದೆ, ಓದದೆ, ನೇರ ಒಂದು ಪ್ರ್ಯಾಕ್ಟಿಸ್ ರೇಂಜಿಗೆ ಹೊತ್ತುಕೊಂಡು ಹೋದೆ. ಅಲ್ಲಿನ ಗಟ್ಟಿ ಬಾಲ್, ಕಾಂಕ್ರೀಟಿನ ಮೇಲೆ ಹಾಸಿದ ಮ್ಯಾಟ್. ಏಳನೆಯ ಹೊಡೆತಕ್ಕೆ ಕಬ್ಬಿಣದ ತಲೆಯ ಕ್ಲಬ್ಬಾದ ಮಿಡ್ ಐರನ್‌ನ ಕೋಲು ತಲೆ ಸೇರುವ ಕುತ್ತಿಗೆಯ ಹತ್ತಿರ ಸೀಳಿತು. ಅದನ್ನು ಮಾವನಿಗೆ ಹೇಳಲು ನನಗೆ ಎರಡು ದಿನ ಬೇಕಾಯಿತು. ನಿಮಗೆ ಹಾಗಾಗಬಾರದು ಅಂತಲೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮುಂಬೈಯಲ್ಲಿ ಗಲ್ಲಿ ಕ್ರಿಕೆಟ್ ಆಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಟೆನಿಸ್ ಬಾಲ್‌ಗೆ ಅಂತ ಮಾಡಿದ ಬ್ಯಾಟಿನಲ್ಲಿ ಸೀಸನ್ ಬಾಲ್ ಹೊಡೆದರೆ ಏನಾಗುತ್ತದೆ? ಇಲ್ಲೂ ಅದೇ. ನಿಮ್ಮ ಕೋಲು ಬಹುಶಃ ಹಿಕರಿ ಮರದ್ದು. ಬ್ರಿಟನ್ನಿನ ಗಾಲ್ಫ್ ಸಂಸ್ಥೆ ಉಕ್ಕಿನ ಕೋಲಿಗೆ ಒಪ್ಪಿಗೆ ಕೊಟ್ಟದ್ದು 1929ರಲ್ಲಿ. ಅಲ್ಲಿಯ ತನಕ ಅಲ್ಲಿನ ಹೆಚ್ಚಿನವರ ಕೈಯಲ್ಲಿ ಹಿಕರಿಯೇ. ಅಮೆರಿಕದ ಆಟಗಾರ ಬಾಬಿ ಜೋನ್ಸ್ 1930ರಲ್ಲಿ ನಾಲ್ಕೂ ದೊಡ್ಡ ಪಂದ್ಯ ಗೆದ್ದದ್ದು ಹಿಕರಿ ಕ್ಲಬ್‌ಗಳಲ್ಲೇ. ಆಗಿನ ಬಾಲ್, ರಬ್ಬರ್ ದಾರವನ್ನು ಬಿಗಿಯಾಗಿ ಸುತ್ತಿ ಮೇಲೆ ತೆಳ್ಳನೆ ಹೊದಿಕೆ ಹಾಕಿದ್ದು. ಅದಕ್ಕೆ ಹೊಂದಿಕೊಂಡ ಕೋಲಿಗೆ ಈಗ ನಾವು ಬೇರೆಯದೇ ಬಾಲ್ ಕೊಡುತ್ತಿದ್ದೇವೆ, ಅಲ್ವಾ?

ಬಾಲ್ ಎಷ್ಟು ಗಟ್ಟಿ ಅನ್ನುವುದನ್ನು ಕಂಪ್ರೆಶನ್ ಅನ್ನುವ ಅಂಕೆಯಲ್ಲಿ ಹೇಳುತ್ತಾರೆ. ಅಂಕೆ ಕಡಿಮೆಯಾದಷ್ಟೂ ಬಾಲ್ ಮೆತ್ತಗೆ. ಕಂಪನಿಗಳು ಅಳೆಯುವ ರೀತಿ ಒಂದೇ ಅಲ್ಲ, ಹಾಗಾಗಿ ಅಂಕೆಯನ್ನು ಅಂದಾಜಿಗೆ ಮಾತ್ರ ಇಟ್ಟುಕೊಳ್ಳಿ. 60ರ ಒಳಗಿದ್ದರೆ ಒಳ್ಳೆಯದು. ಕ್ಯಾಲವೇ ಸೂಪರ್‌ಸಾಫ್ಟ್, ವಿಲ್ಸನ್ ಡ್ಯುಯೊ ಸಾಫ್ಟ್ ಈ ಬಗೆಯವು. ನಾನು ಇವೆರಡನ್ನೇ ಬಳಸುವುದು. ಸ್ರಿಕ್ಸನ್ ಸಾಫ್ಟ್ ಫೀಲ್ ಸ್ವಲ್ಪ ಗಟ್ಟಿ, ಆದರೂ ನಡೆಯುತ್ತದೆ. ಟೈಟಲಿಸ್ಟ್ ಪ್ರೊ ವಿ1 ಎಕ್ಸ್ ತುಂಬಾ ಒಳ್ಳೆಯ ಬಾಲ್, ಆದರೆ ಗಟ್ಟಿ. ಹಿಕರಿಯಲ್ಲಿ ನೀವು ನಿಧಾನವಾಗಿಯೇ ಬೀಸಬೇಕು. ಅಂಥ ಬೀಸಿಗೆ ಮೆತ್ತನೆಯ ಬಾಲ್ ಚೆನ್ನಾಗಿ ಒತ್ತಿಕೊಂಡು ಹಾರುತ್ತದೆ, ಕೈಗೆ ಪೆಟ್ಟು ಕಡಿಮೆ ತಾಗುತ್ತದೆ. ಮರದ ತಲೆಯ ಕ್ಲಬ್ ಇದ್ದರೆ ಅದರ ಮುಖಕ್ಕೂ ಇದೇ ಕ್ಷೇಮ.

ಕೋರ್ಸಿನ ಕೊಳದಿಂದ ತೆಗೆದು ಕಡಿಮೆ ಬೆಲೆಗೆ ಮಾರುವ ಬಾಲ್‌ಗಳನ್ನು ಈ ಕ್ಲಬ್‌ಗಳಿಗೆ ಬಳಸಬೇಡಿ. ಅದು ಎಷ್ಟು ದಿನ ನೀರಲ್ಲಿತ್ತೋ, ಒಳಗೆ ಏನಾಗಿದೆಯೋ. ಕ್ಲಬ್ ಜೊತೆ ಅಟ್ಟದಲ್ಲಿ ಹಳೆಯ ಬಾಲ್ ಸಿಕ್ಕಿದ್ದರೆ ಅದನ್ನೂ ಹೊಡೆಯಬೇಡಿ. ಒಳಗಿನ ರಬ್ಬರ್ ಒಣಗಿರುತ್ತದೆ. ಸುಮ್ನೆ ಶೋಕೇಸಿನಲ್ಲಿಡಿ, ಚಂದ ಕಾಣುತ್ತದೆ.

ಇನ್ನೊಂದು ಮಾತು. ಬಾಲ್ ಎಷ್ಟೇ ಮೆತ್ತಗಿದ್ದರೂ ಒಣಗಿದ ಕೋಲನ್ನು ಉಳಿಸಲಾರದು. ನನ್ನ ಮಿಡ್ ಐರನ್ ವಿಷಯದಲ್ಲಿ ಬಾಲ್‌ಗಿಂತ ಆ ಮ್ಯಾಟಿನದೇ ತಪ್ಪು ಜಾಸ್ತಿ ಅಂತ ಈಗ ಅನ್ನಿಸುತ್ತದೆ. ಹುಲ್ಲಿನ ಮೇಲೇ ಆಡಿ, ಸಾಧ್ಯವಾದಾಗೆಲ್ಲ ಟೀ (ಬಾಲ್ ಇಡುವ ಪುಟ್ಟ ಗೂಟ) ಮೇಲಿಟ್ಟು ಹೊಡೆಯಿರಿ. ಏಪ್ರಿಲ್, ಮೇ ತಿಂಗಳ ಕಲ್ಲಿನಂಥ ನೆಲದಲ್ಲಿ ಐರನ್ ಎತ್ತಲೇಬೇಡಿ. ಕ್ರಿಕೆಟ್ ಬ್ಯಾಟಿಗೆ ಹಚ್ಚುವ ಅಗಸೆ ಎಣ್ಣೆಯನ್ನೇ ಕೋಲಿಗೂ ತೆಳ್ಳಗೆ ಸವರಿ, ಒರೆಸಿ, ಒಣಗಲು ಬಿಡಿ.

ಮೊದಲು ಒಂದು ಅಯಸ್ಕಾಂತ ತೆಗೆದುಕೊಂಡು ಕೋಲಿಗೆ ಹಿಡಿದು ನೋಡಿ. 1930ರ ದಶಕದಲ್ಲಿ ಉಕ್ಕಿನ ಕೋಲಿಗೆ ಮರದ ಬಣ್ಣದ ಹೊದಿಕೆ ಹಾಕುತ್ತಿದ್ದರು. ಕಣ್ಣಿಗೆ ಮರದ ಹಾಗೇ ಕಾಣುತ್ತದೆ. ಅಯಸ್ಕಾಂತ ಅಂಟಿಕೊಂಡರೆ ಅದು ಉಕ್ಕು, ಬಾಲ್ ಬಗ್ಗೆ ಇಷ್ಟು ಚಿಂತೆ ಬೇಡ. ಅಂಟದಿದ್ದರೆ ಕ್ಲಬ್ಬಿನ ತಲೆಯನ್ನು ಒಂದು ಕೈಯಲ್ಲಿ, ಕೋಲನ್ನು ಇನ್ನೊಂದರಲ್ಲಿ ಹಿಡಿದು ಮೆಲ್ಲಗೆ ತಿರುಚಿ. ಕಿರ್ ಎಂದರೆ, ಚೂರು ಅಲುಗಿದರೆ, ಆ ಕ್ಲಬ್ ಬದಿಗಿಡಿ. ಬೀಸುವಾಗ ತಲೆ ಹಾರಿ ಪಕ್ಕದವರಿಗೆ ಬಡಿಯಬಹುದು. ಉಳಿದವುಗಳಲ್ಲಿ ಮ್ಯಾಶಿ (ಮಧ್ಯಮ ದೂರಕ್ಕೆ ಬಳಸುವ ಐರನ್) ಇದ್ದರೆ ಅದರಿಂದಲೇ ಶುರು ಮಾಡಿ. ಮೊದಲ ದಿನ ಅರ್ಧ ಬೀಸಿನ ಹತ್ತು ಹೊಡೆತ ಸಾಕು. ಪ್ರತಿ ಹೊಡೆತವಾದ ಮೇಲೂ ಕುತ್ತಿಗೆಯ ಹತ್ತಿರ ಬೆರಳಾಡಿಸಿ ನೋಡಿ.